ಒಂದು ಹಿಡಿ ಉಸಿರು

ಯಾರೂ ಉಸಿರಾಡದ ಗಾಳಿಯನ್ನು ಯಾರು ಉಸಿರಾಡಿದರು ಎಂದು ಕೇಳಿದರೆ ಏನು ಹೇಳಬೇಕು? ಬೆಳಗಿನ ಚಹಾ ಗಂಟಲಿಗಿಳಿಯುವ ಮೊದಲೇ ದೇಸಾಯರು ನನ್ನನ್ನು ನಿಯಂತ್ರಣ ಕೋಣೆಗೆ ಕರೆಸಿ, ಗೋಡೆಯ ದೊಡ್ಡ ಪರದೆಯ ಮುಂದೆ ನಿಲ್ಲಿಸಿ ಇದೇ ಪ್ರಶ್ನೆ ಕೇಳಿದರು. ಊರಿಗಾಗಿ ಕೂಡಿಟ್ಟ ಗಾಳಿಯಲ್ಲಿ ಮುಕ್ಕಾಲು ಭಾಗ ಬಳಕೆಯಲ್ಲಿದೆ ಎಂದು ಪರದೆ ಹೇಳುತ್ತಿತ್ತು. ಹಸಿ ಸುಳ್ಳು. ಓಣಿಗಳಲ್ಲಿ ಆಗ ಒಲೆ ಕೂಡ ಹೊತ್ತಿರಲಿಲ್ಲ. ಸುಳ್ಳು ಹೇಳುವ ಮನುಷ್ಯನನ್ನಾದರೂ ಸಹಿಸಿಯೇನು, ಸುಳ್ಳು ಹೇಳುವ ಯಂತ್ರ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಯಾಕೆಂದರೆ ಅದಕ್ಕೆ ಸುಳ್ಳು ಕಲಿಸಿದವರು ನಾವೇ ಆಗಿರುತ್ತೇವೆ.

ನಮ್ಮ ಊರು ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ರಾಯಚೂರು ಸೀಮೆಯ ಬಿಸಿಲು ಮೊದಲೂ ಕಡಿಮೆಯದೇನಲ್ಲ. ನಮ್ಮಲ್ಲಿ ಇರೋದು ಎರಡೇ ಕಾಲ, ಬ್ಯಾಸಗಿ ಮತ್ತು ಭಾಳ ಬ್ಯಾಸಗಿ ಎಂದು ಹಿಂದಿನವರು ನಗುತ್ತಿದ್ದರಂತೆ. ನಮ್ಮ ಕಾಲಕ್ಕೆ ಆ ನಗು ನಿಂತುಹೋಯಿತು. ಈಗ ಯುಗಾದಿ ಮುಗಿಯುತ್ತಲೇ ಹೊನ್ನಾಳಗುಡ್ಡದ ಜನವೆಲ್ಲ ಗಂಟುಮೂಟೆ ಕಟ್ಟಿ ಹಳೆಯ ಚಿನ್ನದ ಗಣಿಯ ಸುರಂಗಗಳಿಗೆ ಇಳಿಯುತ್ತೇವೆ, ಮೊದಲ ದೊಡ್ಡ ಮಳೆ ಬಿದ್ದ ನಂತರ ಮೇಲೆ ಬರುತ್ತೇವೆ. ಸುರಂಗಗಳಲ್ಲಿ ಮನೆಗಳಿವೆ, ಓಣಿಗಳಿವೆ, ಶಾಲೆ ಇದೆ, ಜಗಳಗಳೂ ಇವೆ. ಅದಕ್ಕೆ ಕೆಳಗಿನೂರು ಎನ್ನುತ್ತೇವೆ.

ಕೆಳಗಿನೂರಿಗೆ ಗಾಳಿ ಬರುವುದು ಮೇಲಿನ ಗಂಡಿಗಳಿಂದ, ಅಂದರೆ ನೆಲದಲ್ಲಿ ಕೊರೆದ ಗಾಳಿಕಿಂಡಿಗಳಿಂದ. ಯಂತ್ರಗಳು ಅದನ್ನು ತಂಪು ಮಾಡಿ ಒಳಗೆ ದೂಡುತ್ತವೆ. ಆದರೆ ಕೆಂಡಗಾಳಿ ಎದ್ದರೆ ಗಂಡಿಗಳನ್ನು ಮುಚ್ಚಲೇಬೇಕು. ಆ ಗಾಳಿಯಲ್ಲಿ ಕಾವು, ಧೂಳು ಎಷ್ಟಿರುತ್ತದೆ ಎಂದರೆ ಯಂತ್ರಗಳೇ ಕರಗಿ ಕೂರುತ್ತವೆ. ಅಂಥ ದಿನಗಳಿಗೆಂದು ಆಮ್ಲಜನಕ ಹೆಚ್ಚಿಸಿದ ಗಾಳಿಯನ್ನು ಚಳಿಗಾಲದಲ್ಲೇ ಗಣಿಯ ತಳದ ಗುಹೆಗಳಲ್ಲಿ ಒತ್ತಿ ತುಂಬಿಟ್ಟಿರುತ್ತೇವೆ. ಅದಕ್ಕೆ ಜನ ಇಟ್ಟ ಹೆಸರು ಹಗೇವು. ಮುತ್ತಜ್ಜಂದಿರು ನೆಲದೊಳಗೆ ಜೋಳ ಇಡುತ್ತಿದ್ದ ಹಗೇವಿನಲ್ಲಿ ನಾವು ಉಸಿರು ಇಡುತ್ತೇವೆ.

ಮರುದಿನ ಸಂಜೆಗೆ ಕೆಂಡಗಾಳಿ ಬರುತ್ತದೆ ಎಂದು ಹವಾಮಾನದವರು ಹೇಳಿದ್ದರು. ಬಂದರೆ ದಿನಗಟ್ಟಲೆ ನಿಲ್ಲುತ್ತದೆ. ಇಡೀ ಊರು ಹಗೇವಿನ ಗಾಳಿಯಲ್ಲೇ ಬದುಕಬೇಕು. ಆ ಹಗೇವಿನಲ್ಲಿ ಕಾಲು ಭಾಗ ಮಾತ್ರ ಉಳಿದಿದೆ, ಉಳಿದದ್ದು ಯಾರ ಹೆಸರಿಗೋ ಹೋಗಿದೆ ಎಂದು ಪರದೆ ಹೇಳುತ್ತಿತ್ತು.

"ಗಾಳಿ ಎಲ್ಲೂ ಹೋಗಿಲ್ಲ ಹುಲಿಗೆಮ್ಮ," ಎಂದರು ದೇಸಾಯರು. "ಗುಹೆಯ ಒತ್ತಡ ನೋಡಿದೆ, ತುಂಬೇ ಅದ. ಆದರ ನಿಮ್ಮ ಉಸಿರು ಅದನ್ನ ಬಿಡವಲ್ಲದು."

ವಾಮನರಾವ್ ದೇಸಾಯಿ ನಿಯಂತ್ರಣ ಕೋಣೆಯ ಮುಖ್ಯಸ್ಥರು. ತೂಕದ ಮನುಷ್ಯ, ಮಾತು ಅಳೆದು ಆಡುವವರು. ಅವರು 'ನಿಮ್ಮ ಉಸಿರು' ಎಂದದ್ದು ನನ್ನ ಎದೆಯ ಉಸಿರನ್ನಲ್ಲ. ಉಸಿರು ಎನ್ನುವುದು ಒಂದು ಲೈಬ್ರರಿಯ ಹೆಸರು. ಪುಸ್ತಕದ ಲೈಬ್ರರಿಯಲ್ಲ, ಸಾಫ್ಟ್‌ವೇರಿನದು. ಒಬ್ಬರು ಬರೆದಿಟ್ಟ ಕೋಡನ್ನು ಹತ್ತು ಜನ ತಮ್ಮ ತಮ್ಮ ಯಂತ್ರಗಳಿಗೆ ಹಚ್ಚಿಕೊಂಡು ಕೆಲಸ ಮಾಡಿಸಿಕೊಳ್ಳುತ್ತಾರಲ್ಲ, ಅದು. ಓಣಿಯಲ್ಲಿ ಮದುವೆಯ ಅಡುಗೆ ನಡೆದಾಗ, ಜನ ಸೇರಿದಾಗ, ಯಾರಿಗಾದರೂ ಹುಷಾರಿಲ್ಲದಾಗ ಓಣಿಯ ಯಂತ್ರ ಆಯಾ ಮನೆಯ ಹೆಸರಿನಲ್ಲಿ ಹಗೇವಿನಿಂದ ಒಂದು ಪಾಲು ಗಾಳಿ ಕೇಳುತ್ತದೆ. ಕೊಡುವುದು, ವಾಪಸ್ ತೆಗೆದುಕೊಳ್ಳುವುದು ಉಸಿರಿನ ಕೆಲಸ. ಆ ಲೈಬ್ರರಿಯನ್ನೂ, ಅದನ್ನು ಹೇಗೆ ಬಳಸಬೇಕೆಂದು ತಿಳಿಸುವ ಕೈಪಿಡಿಯನ್ನೂ ನೋಡಿಕೊಳ್ಳುವವಳು ನಾನು.

ಹಿಂದಿನ ಬೇಸಿಗೆಯವರೆಗೆ ಓಣಿಯವರು ಫೋನು ಮಾಡಿ ಕೇಳುತ್ತಿದ್ದರು, ಕೋಣೆಯಲ್ಲಿ ಕೂತವರು ಕೊಡುತ್ತಿದ್ದರು. ಈ ವರ್ಷ ಮೊದಲ ಸಲ ಓಣಿಯ ಯಂತ್ರಗಳೇ ನೇರವಾಗಿ ಕೇಳುವ ಏರ್ಪಾಡಾಗಿತ್ತು. ಯಂತ್ರಕ್ಕೆ ಬೇಕಾದ ಕೋಡನ್ನು ಆಯಾ ಓಣಿಯವರೇ ಕೈಪಿಡಿ ಓದಿಕೊಂಡು ಬರೆದಿದ್ದರು. ಚೆನ್ನಾಗಿಯೇ ಬರೆದಿದ್ದರು. ಹಾಗಿದ್ದರೆ ಎಡವಿದ್ದು ಎಲ್ಲಿ?

ನಾನು ಉಸಿರಿನ ಒಳಗೆ ಇಣುಕಿದೆ. ಒಂದು ಪಾಲು ಎಂದರೆ ನೂರು ಹಿಡಿ ಗಾಳಿ. ಹಿಡಿ ಎನ್ನುವುದು ನಮ್ಮ ಅಳತೆ. ಪಾಲು ತೆಗೆದುಕೊಂಡವರ ಹತ್ತಿರ ಒಂದೇ ಒಂದು ಹಿಡಿ ಉಳಿದಿದ್ದರೂ, ಅವರಿಗೆ ಇನ್ನೂ ಬೇಕು ಎಂದು ತಿಳಿದು ಉಸಿರು ನೂರು ಹಿಡಿಯನ್ನೂ ಅವರಿಗೇ ಕಾಯ್ದಿಡುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಟವೆಲ್ ಇರುವ ತನಕ ಸೀಟು ಅವರದು. ಪಾಲು ಸೊನ್ನೆಗೆ ಇಳಿದರೆ ಮಾತ್ರ ಟವೆಲ್ ಎತ್ತಿದಂತೆ. ಪರದೆಯ ಮೇಲೆ ನೋಡಿದರೆ ಊರ ತುಂಬ ಟವೆಲ್‌ಗಳು. ಬಾವಿ ಓಣಿ, ಒಂದು ಹಿಡಿ. ದರ್ಗಾ ಓಣಿ, ಒಂದು ಹಿಡಿ. ಗಚ್ಚಿನ ಓಣಿ, ಒಂದು ಹಿಡಿ. ಎಲ್ಲ ಕಡೆಯೂ ಅದೇ ಒಂದು ಹಿಡಿ.

ಕೈಪಿಡಿಯಲ್ಲಿ ಇದಕ್ಕೆ ಸಂಬಂಧಪಟ್ಟ ವಾಕ್ಯ ಒಂದೇ ಇತ್ತು: 'ಕೆಲಸ ಮುಗಿದ ಮೇಲೆ ಪಾಲನ್ನು ಹಿಂದಿರುಗಿಸಬೇಕು.' ನೂರು ಸಲ ಓದಿದ ವಾಕ್ಯ. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತಪ್ಪು ಕಾಣದಿದ್ದಾಗ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ಎದ್ದು ದರ್ಗಾ ಓಣಿಗೆ ನಡೆದೆ.

ಆ ಓಣಿಯ ಕೋಡು ಬರೆದದ್ದು ಮೌಲಾಸಾಬ. ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾನೆ, ಬಟ್ಟೆಯಷ್ಟೇ ನೀಟಾಗಿ ಕೋಡೂ ಹೊಲಿಯುತ್ತಾನೆ. ಬರೆದದ್ದನ್ನು ತೋರಿಸು ಎಂದೆ. ತೋರಿಸಿದ. ಪಾಲು ಕೇಳುವುದು ಸರಿ ಇತ್ತು, ಬಳಸುವುದು ಸರಿ ಇತ್ತು. ಹಿಂದಿರುಗಿಸುವ ಜಾಗದಲ್ಲಿ, ಪಾಲನ್ನು ಪೂರ್ತಿ ಬರಿದು ಮಾಡದೆ ಅದರಲ್ಲಿ ಒಂದು ಹಿಡಿ ಉಳಿಸಿ ವಾಪಸ್ ಮಾಡು ಎಂದು ಬರೆದಿದ್ದ. ಬೇಕೆಂದೇ ಬರೆದದ್ದು, ಕೈತಪ್ಪಿದ್ದಲ್ಲ. ಇದೇನಪ್ಪ ಇದು ಎಂದು ಕೇಳಿದೆ.

"ಮತ್ತ ಹೆಂಗ ಕೊಡಬೇಕ್ರಿ ಅಕ್ಕಾರ?" ಎಂದು ಅವನೇ ನನ್ನನ್ನು ವಿಚಿತ್ರವಾಗಿ ನೋಡಿದ. "ಇಸಗೊಂಡ ಪಾತ್ರಿ ಖಾಲಿ ಕೊಡ್ತಾರೇನ್ರಿ ಯಾರಾದ್ರೂ?"

ನನಗೆ ಬೈಯಬೇಕೆಂದು ಬಾಯಿ ತುಂಬ ಮಾತು ಬಂದಿತ್ತು. ಎಲ್ಲವನ್ನೂ ನುಂಗಿಕೊಂಡು ಅವನ ಅಂಗಡಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ನಮ್ಮ ಕಡೆ ಪಕ್ಕದ ಮನೆಯಿಂದ ಮೊಸರೋ ಹಿಟ್ಟೋ ಬಂದರೆ ಆ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ, ಅದೂ ಇಲ್ಲದಿದ್ದರೆ ನಾಲ್ಕು ಕಾಳು ಜೋಳವನ್ನಾದರೂ ಹಾಕಿ ಕೊಡುತ್ತೇವೆ. ಖಾಲಿ ಕೊಟ್ಟರೆ ಕೊಟ್ಟ ಮನೆಗೆ ಅಪಶಕುನ, ಕೊಂಡ ಮನೆಗೆ ಅವಮಾನ. ಪಾಲನ್ನು ಹಿಂದಿರುಗಿಸಿ ಎಂದು ಕೈಪಿಡಿ ಹೇಳಿತು. ಬರಿದು ಮಾಡಿ ಹಿಂದಿರುಗಿಸಿ ಎಂದು ಹೇಳಲಿಲ್ಲ. ಓಣಿಯವರೆಲ್ಲ ಒಬ್ಬರನ್ನೊಬ್ಬರು ಕೇಳದೆಯೇ, ಮನೆಯಲ್ಲಿ ಮಾಡುವುದನ್ನೇ ಯಂತ್ರಕ್ಕೂ ಕಲಿಸಿದ್ದರು. ಕೈಪಿಡಿ ಮೊದಲು ಬರೆದದ್ದು ಎಲ್ಲೋ ಬೇರೆ ಊರಲ್ಲಿ. ಅಲ್ಲಿ ಈ ಪದ್ಧತಿ ಇರಲಿಲ್ಲವೇನೋ. ನನಗೆ ನಗುವೂ ಬಂತು, ತಲೆಯೂ ಗಿರ್ ಎಂದಿತು.

ಕಾರಣ ಸಿಕ್ಕಿತಲ್ಲ, ಇನ್ನೇನು, ಒಂದು ಹಿಡಿ ಉಳಿದ ಪಾಲುಗಳನ್ನೆಲ್ಲ ವಾಪಸ್ ಬಂದವು ಎಂದು ತಿಳಿ ಎಂದು ಉಸಿರಿಗೆ ಹೇಳಿಬಿಟ್ಟರಾಯಿತು ಎಂದುಕೊಂಡು ಊಟಕ್ಕೆ ಮನೆಗೆ ಹೋದೆ.

ನಮ್ಮ ಮನೆ ಗಚ್ಚಿನ ಓಣಿಯಲ್ಲಿ. ಗಂಡ ಯಮನೂರಪ್ಪ ಮೇಲೆ ಸೌರಫಲಕಗಳನ್ನು ಮುಚ್ಚಿ ಭದ್ರ ಮಾಡುವ ಗುಂಪಿನೊಂದಿಗೆ ಹೋಗಿದ್ದ. ಮನೆಯಲ್ಲಿ ಅತ್ತೆ ಒಬ್ಬರೇ. ಫಕೀರವ್ವ ಅವರ ಹೆಸರು. ಹರೆಯದಲ್ಲಿ ಜಲ್ಲಿ ಒಡೆಯುವ ಕ್ರಷರಿನಲ್ಲಿ ದುಡಿದವರು, ಆ ಕಲ್ಲಿನ ಧೂಳೆಲ್ಲ ಅವರ ಎದೆಯಲ್ಲೇ ಕೂತಿದೆ. ನಾಲ್ಕು ಹೆಜ್ಜೆ ನಡೆದರೆ ಎದೆ ತಿದಿಯೊತ್ತಿದ ಹಾಗೆ ಏಳುತ್ತದೆ. ದವಾಖಾನೆಯ ಓಣಿಯಲ್ಲಿ ಇರಿ ಎಂದರೆ ಕೇಳಲಿಲ್ಲ. ಹಾಗಾಗಿ ಮನೆಯ ಗೋಡೆಯಿಂದ ಒಂದು ತೆಳ್ಳನೆಯ ನಳಿಗೆ ಎಳೆದು ಮೂಗಿಗೆ ಹಚ್ಚಿದ್ದೆವು. ಹಗೇವಿನ ಗಾಳಿ ಅದರಲ್ಲಿ ದಾರದ ಎಳೆಯಷ್ಟು ಸಣ್ಣಗೆ ಬರುತ್ತದೆ. ಆ ಎಳೆಯ ಮೇಲೆಯೇ ಅವರ ಜೀವ ನಿಂತಿದೆ. ನಾವಿಬ್ಬರೂ ದಿನಕ್ಕೊಂದು ಸಲವಾದರೂ ಜಗಳಾಡುತ್ತೇವೆ. ಅವರಿಗೆ ನನ್ನ ರೊಟ್ಟಿ ದಪ್ಪ, ನನಗೆ ಅವರ ಮಾತು ದಪ್ಪ.

ನಾನು ಹೋದಾಗ ಅತ್ತೆ ಪಕ್ಕದ ಮನೆಯ ಸ್ಟೀಲಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅದಕ್ಕೆ ಶೇಂಗಾ ಹಾಕುತ್ತಿದ್ದರು. ನಿನ್ನೆ ಅದರಲ್ಲಿ ಗುರೆಳ್ಳು ಚಟ್ನಿ ಬಂದಿತ್ತು. ನನಗೆ ಮೌಲಾಸಾಬನ ನೆನಪಾಗಿ ನಗು ಬಂತು. ಆಗ ಅವರ ಮೂಗಿನ ನಳಿಗೆಯನ್ನೂ ಅದರ ಹಿಂದಿನ ಗೋಡೆಯ ಮೇಲಿನ ಪುಟ್ಟ ಪರದೆಯನ್ನೂ ನೋಡಿದೆ. ಪರದೆಯ ಮೇಲೆ ಇದ್ದದ್ದು: ಪಾಲು, ಒಂದು ಹಿಡಿ.

ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಅತ್ತೆ ಎಳೆಯುವುದು ಎಷ್ಟು ಕಡಿಮೆಯೆಂದರೆ, ಎಳೆದಷ್ಟನ್ನು ಯಂತ್ರ ಹಿಂದಿನಿಂದ ತುಂಬುತ್ತಲೇ ಇರುತ್ತದೆ. ಹಾಗಾಗಿ ಅಲ್ಲಿ ಸದಾ ಒಂದು ಹಿಡಿ. ಮೌಲಾಸಾಬ ಮರ್ಯಾದೆಗೆ ಬಿಟ್ಟದ್ದೂ ಒಂದು ಹಿಡಿ, ಅತ್ತೆ ಜೀವ ಹಿಡಿದುಕೊಂಡದ್ದೂ ಒಂದು ಹಿಡಿ. ಸಂಖ್ಯೆ ನೋಡಿ ಯಾವುದು ಯಾವುದೆಂದು ಹೇಳಲು ದೇವರಿಗೂ ಆಗುವುದಿಲ್ಲ. ಬಸ್ಸಿನಲ್ಲಿ ಯಾರೂ ಇಲ್ಲದ ಟವೆಲ್‌ಗಳನ್ನೆಲ್ಲ ಎತ್ತಿ ಬಿಸಾಡಿದರೆ, ನೀರು ಕುಡಿಯಲು ಕೆಳಗಿಳಿದ ಮುದುಕಿಯ ಟವೆಲ್ಲೂ ಹೋಗುತ್ತದೆ.

ಊಟ ಬಿಟ್ಟು ಓಡಿದೆ. ನಾನು ಹೇಳುವ ಮೊದಲೇ ದೇಸಾಯರು ಅದೇ ಪರಿಹಾರವನ್ನು ಸಿದ್ಧಮಾಡಿಕೊಂಡು ಕೂತಿದ್ದರು. ಒಂದು ಹಿಡಿ ಇರುವ ಪಾಲುಗಳನ್ನೆಲ್ಲ ಮುಚ್ಚಿಬಿಡುವುದು, ದವಾಖಾನೆಯ ಓಣಿಯನ್ನು ಮಾತ್ರ ಬಿಡುವುದು. ನಾನು ಅತ್ತೆಯ ವಿಷಯ ಹೇಳಿದೆ. ಅಂಥ ಮನೆಗಳು ಎಷ್ಟಿವೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಯಾರಿಗೂ ಗೊತ್ತಿರಲಿಲ್ಲ. ಎದೆಯ ರೋಗ ಇದ್ದವರನ್ನು ಕೆಳಗಿನೂರಿಗೆ ಸೇರಿಸುವುದಿಲ್ಲ ಎಂದು ಮೊದಲ ವರ್ಷ ಯಾರೋ ಗುಲ್ಲೆಬ್ಬಿಸಿದ್ದರು. ಅಂದಿನಿಂದ ಕ್ರಷರಿನ ಮುದುಕರು, ಗಣಿಯ ಮುದುಕರು ಕೆಮ್ಮನ್ನು ಸೆರಗಿನಲ್ಲಿ, ಟವೆಲ್ಲಿನಲ್ಲಿ ಮುಚ್ಚಿಕೊಂಡೇ ಬದುಕುತ್ತಿದ್ದಾರೆ.

ದೇಸಾಯರು ಕೆಟ್ಟವರಲ್ಲ. ಅವರ ಪ್ರಶ್ನೆಯೂ ನ್ಯಾಯದ್ದೇ. ನಾಳೆ ಸಂಜೆ ಗಂಡಿ ಮುಚ್ಚಿದ ಮೇಲೆ ಹಗೇವು ಕೈ ಕಟ್ಟಿ ಕೂತರೆ ಇಡೀ ಊರಿನ ಮಕ್ಕಳು ಮರಿ ಏನು ಮಾಡಬೇಕು? ಅತ್ತ ದರಿ, ಇತ್ತ ಪುಲಿ.

"ನಾಳೆ ಸಂಜೀತನಕ ಟೈಮ್ ಕೊಡ್ರಿ," ಎಂದೆ. "ನಾ ಕೇಳ್ಕೊಂಡು ಬರ್ತೀನಿ."

"ಯಾರನ್ನ?"

"ಎಲ್ಲಾರನ್ನ. ಪಾಲು ಇಸಗೊಂಡವರಿಗಷ್ಟ ಗೊತ್ತು ಅದು ಮುಗದೈತೋ ಇಲ್ಲೋ ಅಂತ. ಯಂತ್ರ ಊಹೆ ಮಾಡಬಾರದು."

ದೇಸಾಯರು, ಗಂಡಿ ಮುಚ್ಚುವ ಹೊತ್ತಿಗೆ ಹಗೇವು ಬಿಡುಗಡೆಯಾಗದಿದ್ದರೆ ತಾವು ತಮ್ಮ ಪರಿಹಾರವನ್ನೇ ಜಾರಿ ಮಾಡುವುದಾಗಿ ಹೇಳಿ ಒಪ್ಪಿದರು. ಅಷ್ಟು ಸಾಕಿತ್ತು ನನಗೆ.

ಮನೆಮನೆಯ ಗೋಡೆಯ ಪರದೆಯಲ್ಲಿ ಮೂಡುವ ಹಾಗೆ ಉಸಿರಿಗೆ ಎರಡು ಗುಂಡಿ ಹೊಸದಾಗಿ ಸೇರಿಸಿದೆ. 'ಮುಗಿಯಿತು' ಎಂಬುದು ಒಂದು, 'ಬೇಕು' ಎಂಬುದು ಇನ್ನೊಂದು. ಎಷ್ಟು ಹಿಡಿ ಉಳಿದಿದೆ ಎಂಬುದನ್ನು ಇನ್ನು ಮೇಲೆ ಯಂತ್ರ ನೋಡುವುದಿಲ್ಲ. ಪಾಲು ತೆಗೆದುಕೊಂಡವರು ಮುಗಿಯಿತು ಎಂದರೆ ಗಂಡಿ ಮುಚ್ಚುವಾಗ ಆ ಪಾಲು ಹಗೇವಿಗೆ ಸೇರುತ್ತದೆ, ಬೇಕು ಎಂದರೆ ಅವರ ಹತ್ತಿರವೇ ಉಳಿಯುತ್ತದೆ. ಮುಗಿಯಿತು ಎಂದವರು ಮನಸ್ಸು ಬದಲಿಸಿದರೆ, ಕಾರಣ ಬರೆದು ಮುಖ್ಯಸ್ಥರ ಒಪ್ಪಿಗೆ ಪಡೆಯಬೇಕು. ಆ ಕೊನೆಯ ನಿಯಮವನ್ನು ಬರೆಯುವಾಗ ನಾನು ಹೆಚ್ಚು ಯೋಚಿಸಲಿಲ್ಲ. ಎಲ್ಲ ಲೈಬ್ರರಿಗಳಲ್ಲೂ ಅಂಥದೊಂದು ಇರುತ್ತದೆ.

ಧ್ವನಿವರ್ಧಕದಲ್ಲಿ ಊರಿಗೆಲ್ಲ ಕೇಳುವಂತೆ ನಾನೇ ಮಾತನಾಡಿದೆ. ಬೇಡದೆ ಇಟ್ಟುಕೊಂಡ ಒಂದೊಂದು ಹಿಡಿಯಿಂದ ಊರಿಗೆ ಉಸಿರು ಕಡಿಮೆಯಾಗುತ್ತಿದೆ, ಕೆಲಸ ಮುಗಿದಿದ್ದವರು ದಯವಿಟ್ಟು ಮುಗಿಯಿತು ಎನ್ನಿ, ಅವಶ್ಯ ಇರುವವರು ನಾಚಿಕೆ ಬಿಟ್ಟು ಬೇಕು ಎನ್ನಿ ಎಂದೆ. ಚೆನ್ನಾಗಿ ಹೇಳಿದೆ ಎಂದೇ ಆಗ ಅನ್ನಿಸಿತು.

ಹೇಳಿದರೆ ಸಾಲದು ಎಂದು ಓಣಿ ಓಣಿ ತಿರುಗಿದೆ. ಬಾವಿ ಓಣಿಯ ಹೆಂಗಸರು, ನಾವು ಯಾರದಾದರೂ ಸಾಮಾನು ಇಟ್ಟುಕೊಂಡವರೇನು ಎಂದು ಜಗಳಕ್ಕೇ ನಿಂತರು. ಇನ್ನೊಂದು ಕಡೆ, ಮರ್ಯಾದೆಗೆ ಬಿಟ್ಟ ಒಂದು ಹಿಡಿಯನ್ನು ವಾಪಸ್ ಕಸಿದುಕೊಂಡು ಖಾಲಿ ಮಾಡಿಕೊಡಲು ತಮ್ಮಿಂದಾಗದು ಎಂದರು. ಖಾಲಿ ಮಾಡುವುದೇ ಬೇಡ, ಬಿಟ್ಟ ಹಿಡಿ ಅಲ್ಲೇ ಇರಲಿ, ಮುಗಿಯಿತು ಎಂದು ಬಾಯಿಬಿಟ್ಟು ಹೇಳಿ ಸಾಕು ಎಂದು ತಿಳಿಸಿದ ಮೇಲೆ ಅವರ ಮುಖ ಅರಳಿತು. ಮೌಲಾಸಾಬ ಅಂಗಡಿ ಮುಚ್ಚಿ ನನ್ನ ಜೊತೆಗೇ ಬಂದು, ಮಸೀದಿಯ ಕಡೆಯ ಓಣಿಗಳನ್ನೆಲ್ಲ ತಾನೇ ನೋಡಿಕೊಂಡ. ಹೋದಲ್ಲೆಲ್ಲ ಯಾವುದೋ ಮೂಲೆಯ ಬಟ್ಟೆಯ ಪರದೆಯ ಹಿಂದಿನಿಂದ ಒಂದು ಕೆಮ್ಮು ಕೇಳಿಸುತ್ತಿತ್ತು. ಅಲ್ಲಿ ನಾನು ದನಿ ತಗ್ಗಿಸಿ, ಯಾರೂ ಯಾರನ್ನೂ ಮೇಲೆ ಕಳಿಸುವುದಿಲ್ಲ, ಬೇಕು ಎಂದು ಒತ್ತಿ ಎಂದು ಹೇಳಿ ಬರುತ್ತಿದ್ದೆ. ನನ್ನ ಮನೆಗೆ ಮಾತ್ರ ಹೋಗಿ ಹೇಳಲಿಲ್ಲ. ನನ್ನ ಮನೆಯಲ್ಲಿ ಹೇಳುವುದೇನಿದೆ ಎಂದುಕೊಂಡೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಉತ್ತರಗಳು ಬರತೊಡಗಿದವು. ಪರದೆಯ ಮೇಲೆ ಒಂದೊಂದೇ ಪಾಲು ಹಸಿರಾಗಿ ಹಗೇವಿನ ಕಡೆ ತಿರುಗುತ್ತಿತ್ತು. ನಡುನಡುವೆ 'ಬೇಕು' ಎಂಬ ಕೆಂಪು ಚುಕ್ಕೆಗಳು. ನಾವು ಊಹಿಸಿದ್ದಕ್ಕಿಂತ ಬಹಳ ಹೆಚ್ಚಿದ್ದವು. ದೇಸಾಯರು ಒಂದೊಂದು ಕೆಂಪು ಚುಕ್ಕೆ ಮೂಡಿದಾಗಲೂ ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುತ್ತಿದ್ದರು. ತಾವು ನಿನ್ನೆಯೇ ಮುಚ್ಚಿಬಿಟ್ಟಿದ್ದರೆ ಇವರೆಲ್ಲ ಏನಾಗುತ್ತಿದ್ದರೋ ಎಂದು ಬಾಯಿಬಿಟ್ಟೇ ಹೇಳಿದರು. ಹಗೇವು ತುಂಬುತ್ತ ಬಂತು. ನಾಲ್ಕು ಕೆಂಡಗಾಳಿ ಒಟ್ಟಿಗೆ ಬಂದರೂ ಸಾಲುವಷ್ಟು ಗಾಳಿ. ನನಗೆ ಕುಣಿಯಬೇಕು ಎನ್ನಿಸಿತು.

ಆಗ ಗಚ್ಚಿನ ಓಣಿಯ ಉತ್ತರ ಬಂತು. ಎಲ್ಲ ಹಸಿರು. ಒಂದೂ ಕೆಂಪಿಲ್ಲ. ಕಣ್ಣುಜ್ಜಿ ನಮ್ಮ ಮನೆಯ ಪಾಲನ್ನು ಹುಡುಕಿದೆ. ಅಲ್ಲೂ 'ಮುಗಿಯಿತು' ಎಂದಿತ್ತು.

ತಪ್ಪಿ ಒತ್ತಿದ್ದಾರೆ ಎಂದುಕೊಂಡು ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ದೇಸಾಯರು ನನ್ನ ಮುಖ ನೋಡಿ, ಪರದೆ ನೋಡಿ, ವಿಷಯ ತಿಳಿದುಕೊಂಡರು. ಗಂಡಿ ಮುಚ್ಚುವ ಹೊತ್ತು ಹತ್ತಿರ ಬಂದಿತ್ತು. ಮುಚ್ಚಿದ ಕ್ಷಣವೇ ಮುಗಿಯಿತು ಎಂದವರ ನಳಿಗೆಗಳೆಲ್ಲ ನಿಲ್ಲುತ್ತವೆ. ತೆಗೆದುಕೊಂಡವರ ಮಾತೇ ಕೊನೆ, ಯಂತ್ರ ಎದುರಾಡಬಾರದು ಎಂದು ಬರೆದವಳು ನಾನೇ.

"ಹೋಗ್ರಿ ಹುಲಿಗೆಮ್ಮ," ಎಂದರು ದೇಸಾಯರು. "ಆದಷ್ಟು ತಡೀತೀನಿ. ಭಾಳ ಹೊತ್ತು ಆಗೂದಿಲ್ಲ."

ನಾನು ಓಡಿದೆ. ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ.

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ನಳಿಗೆಯನ್ನು ತೆಗೆದು, ನೀಟಾಗಿ ಸುತ್ತಿ, ಗೂಟಕ್ಕೆ ತೂಗುಹಾಕಿದ್ದರು. ಹಣೆಗೆ ಹೊಸದಾಗಿ ವಿಭೂತಿ ಹಚ್ಚಿಕೊಂಡು, ಒಗೆದ ಸೀರೆ ಉಟ್ಟಿದ್ದರು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಕಪ್ಪಾಗಿತ್ತು. ನನ್ನನ್ನು ನೋಡಿ, ಇಷ್ಟು ಬೇಗ ಯಾಕೆ ಬಂದೆ ಎನ್ನುವಂತೆ ಹುಬ್ಬು ಗಂಟಿಕ್ಕಿದರು.

"ಏನಿದು ಅತ್ತಿ? ಏನ್ ಮಾಡ್ಕೊಂಡೀರಿ?"

"ನೀನ... ಹೇಳಿದೆಲ್ಲ ಮೈಕಿನ್ಯಾಗ," ಎಂದರು. ಪ್ರತಿ ಮಾತಿಗೂ ಉಸಿರು ಹುಡುಕಬೇಕಾಗಿತ್ತು. "ಬ್ಯಾಡಾದದ್ದು... ಇಟಗೊಂಡು ಕುಂತವರಿಂದ... ಊರಿಗಿ ಉಸರಿಲ್ಲಂತ. ನನಗ್ಯಾಕ... ಇನ್ನ? ಪಕ್ಕದ ಮನ್ಯಾಗ ಕೂಸೈತಿ."

ಆಗ ನನಗೆ ಅರ್ಥವಾಯಿತು. ಅತ್ತೆ ತಪ್ಪಿ ಒತ್ತಿರಲಿಲ್ಲ. ಬೇಡದ ಒಂದು ಹಿಡಿ ಎಂದರೆ ತಾವೇ ಎಂದು ತಿಳಿದುಕೊಂಡಿದ್ದರು. ನಾನೇ ಊರೆಲ್ಲ ತಿರುಗಿ ಕಂಡವರ ಮನೆಯ ಕೆಮ್ಮಿಗೆಲ್ಲ ಧೈರ್ಯ ಹೇಳಿ ಬಂದೆ, ನನ್ನ ಮನೆಯ ಕೆಮ್ಮಿಗೆ ಮೈಕಿನಲ್ಲಿ ಉತ್ತರ ಕೊಟ್ಟಿದ್ದೆ.

ಗೂಟದಿಂದ ನಳಿಗೆ ತೆಗೆದು ಹಚ್ಚಲು ಹೋದರೆ ಕೈ ಸರಿಸಿದರು. ಕೊಟ್ಟದ್ದನ್ನು ಮತ್ತೆ ಕೇಳುವ ಜಾತಿ ತಮ್ಮದಲ್ಲ ಎಂದರು. ಹಗೇವು ತುಂಬಿದೆ, ಊರಿಗೆ ಸಾಕಾಗಿ ಮಿಗುತ್ತದೆ, ಪಕ್ಕದ ಕೂಸಿಗೂ ಇದೆ, ಅದರ ಮಕ್ಕಳಿಗೂ ಇದೆ ಎಂದು ಹೇಳಿದೆ. ನಂಬಲಿಲ್ಲ. ನಾನು ಸಮಾಧಾನಕ್ಕೆ ಸುಳ್ಳು ಹೇಳುತ್ತೇನೆ ಎಂದು ಅವರಿಗೆ ಗೊತ್ತು. ಸಿಟ್ಟು ನೆತ್ತಿಗೇರಿತು. ಅವರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತೆ. ನಳಿಗೆ ಹಚ್ಚಿಕೊಳ್ಳುವ ತನಕ ನಾನು ಇಲ್ಲಿಂದ ಏಳುವುದಿಲ್ಲ, ನಾನು ಹೋಗದಿದ್ದರೆ ಅಲ್ಲಿ ಕೆಲಸ ನಿಲ್ಲುತ್ತದೆ, ಊರಿಗೆ ಕೇಡು ಯಾರಿಂದ ಬಂತು ಎಂದು ನಾಳೆ ಜನ ಕೇಳಲಿ ಎಂದೆ. ಹೆದರಿಸಿದೆ, ಬೈದೆ. ಅವರು ಕಣ್ಣು ಮುಚ್ಚಿ ಕೂತೇ ಇದ್ದರು. ಎದೆ ಏಳುವುದು ಬೀಳುವುದು ಬರಬರುತ್ತ ಸಣ್ಣದಾಗುತ್ತಿತ್ತು.

ನನ್ನ ಸಿಟ್ಟೆಲ್ಲ ಒಮ್ಮೆಲೇ ಒಡೆದು ಅಳು ಬಂತು.

"ನನಗ ನೀವು ಬೇಕು ಅತ್ತಿ," ಎಂದೆ. "ಊರಿಗೆ ಬೇಕೋ ಬ್ಯಾಡೋ ನನಗ್ಗೊತ್ತಿಲ್ಲ. ನನಗ ಬೇಕು. ನನ್ನ ರೊಟ್ಟಿ ದಪ್ಪ ಅನ್ನಾಕ ಮನ್ಯಾಗ ಒಬ್ಬರು ಬೇಕು."

ಅತ್ತೆ ಕಣ್ಣು ಬಿಟ್ಟರು. ಮದುವೆಯಾಗಿ ಬಂದಾಗಿನಿಂದ ನಾನು ಇಂಥ ಮಾತು ಆಡಿದ್ದಿಲ್ಲ, ಅವರು ಕೇಳಿದ್ದೂ ಇಲ್ಲ. ಆಮೇಲೆ ಕೈ ಚಾಚಿ ಗೋಡೆಯ ಮೇಲಿನ 'ಬೇಕು' ಗುಂಡಿಯನ್ನು ತಾವೇ ಒತ್ತಿದರು.

ಪರದೆ ಬದಲಾಯಿತು. 'ಈ ಪಾಲು ಮುಗಿಯಿತು ಎಂದು ದಾಖಲಾಗಿದೆ. ಮತ್ತೆ ಬೇಕಿದ್ದರೆ ಕಾರಣ ಬರೆಯಿರಿ' ಎಂದು ಅದರ ಮೇಲೆ ಮೂಡಿತು. ಕೆಳಗೆ ಬರೆಯಲು ಒಂದು ಖಾಲಿ ಜಾಗ. ನಾನು ಹಿಂದಿನ ದಿನ ಹೆಚ್ಚು ಯೋಚಿಸದೆ ಹಾಕಿದ ನಿಯಮ.

ಅತ್ತೆಗೆ ಓದಲು ಬರುತ್ತದೆ. ಓದಿದರು. ಕೈ ಹಿಂದಕ್ಕೆ ತೆಗೆದುಕೊಂಡರು. "ಯಾಕ ಉಸರಾಡಬೇಕು ಅಂತ... ಬರಕೊಡಬೇಕೇನ? ಬ್ಯಾಡ ಬಿಡವ್ವ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ದೇಸಾಯರಿಗೆ ಫೋನು ಹಚ್ಚಿದೆ. ಅತ್ತೆ ಬೇಕು ಎಂದಿದ್ದಾರೆ, ಆದರೆ ಕಾರಣ ಕೇಳುತ್ತಿದೆ ಎಂದಷ್ಟೇ ಹೇಳಿದೆ. ಆ ಕಡೆ ಕೀಲಿಮಣೆಯ ಸದ್ದು ಕೇಳಿಸಿತು.

"ಆ ನಿಯಮಾನ ತಗದುಬಿಟ್ಟೆ," ಎಂದರು. "ಮತ್ತೊಮ್ಮೆ ಒತ್ತಲಿಕ್ಕೆ ಹೇಳ್ರಿ ಅವರಿಗೆ."

ಅತ್ತೆ ಮತ್ತೊಮ್ಮೆ ಒತ್ತಿದರು. ಪರದೆ ಏನನ್ನೂ ಕೇಳಲಿಲ್ಲ. ನಳಿಗೆಯ ತುದಿಯಲ್ಲಿ ಸಣ್ಣಗೆ ಸುಯ್ ಎನ್ನುತ್ತಿದ್ದ ಗಾಳಿ ಇನ್ನು ನಿಲ್ಲುವಂತಿರಲಿಲ್ಲ. ನಾನು ನಳಿಗೆಯನ್ನು ಅವರ ಮೂಗಿಗೆ ಹಚ್ಚ ಹೋದೆ, ಎರಡು ಸಲ ತಪ್ಪಿತು. ನಿನ್ನಿಂದ ಒಂದೂ ನೆಟ್ಟಗಾಗುವುದಿಲ್ಲ ಎನ್ನುವಂತೆ ನೋಡಿ ತಾವೇ ಹಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ತುಟಿಯ ಕಪ್ಪು ಇಳಿಯಿತು. ಅಷ್ಟರಲ್ಲಿ ಮೇಲೆ ಎಲ್ಲೋ ಗಂಡಿಗಳ ಕಬ್ಬಿಣದ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುವ ಗುಡುಗು ಕೇಳಿಸಿತು. ಯಮನೂರಪ್ಪ ಧೂಳು ಮೆತ್ತಿದ ಮುಖದಲ್ಲಿ ಒಳಗೆ ಬಂದು, ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೂತದ್ದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಯಾರಾದರೂ ಸತ್ತರೇನು ಎಂದು ಕೇಳಿದ ಪುಣ್ಯಾತ್ಮ.

ಕೆಂಡಗಾಳಿ ಬಂತು, ನಿಂತಿತು, ಹೋಯಿತು. ಕೆಳಗಿನೂರಿನಲ್ಲಿ ಯಾರ ಉಸಿರೂ ಕಟ್ಟಲಿಲ್ಲ. ಬಾವಿ ಓಣಿಯಲ್ಲಿ ಗಂಡಿ ಮುಚ್ಚಿದ ದಿನಗಳಲ್ಲೇ ಒಂದು ಹೆರಿಗೆಯೂ ಆಯಿತು.

ಗಂಡಿ ತೆರೆದ ಮರುದಿನ ನಾನು ಕೈಪಿಡಿಯ ಆ ಪುಟವನ್ನು ಹೊಸದಾಗಿ ಬರೆದೆ. ನಮ್ಮ ಊರಿಗಷ್ಟೇ ಅಲ್ಲ, ಉಸಿರನ್ನು ಬಳಸುವ ಎಲ್ಲ ಊರುಗಳಿಗೂ, ಕೈಪಿಡಿಯನ್ನು ಮೊದಲು ನಮಗೆ ಕೊಟ್ಟ ಊರಿಗೂ ಅದು ಹೋಗುತ್ತದೆ. ಹಾಗಾಗಿ ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಕಳಿಸುವ ಮೊದಲು ಮನೆಗೆ ತಂದು ಅತ್ತೆಗೆ ಓದಿ ಹೇಳಿದೆ. ಅವರು ಪಕ್ಕದ ಮನೆಗೆ ಕೊಡಲು ಮತ್ತೊಂದು ಡಬ್ಬಿಗೆ ಶೇಂಗಾ ಆರಿಸುತ್ತಿದ್ದರು.

'ಕೆಲಸ ಮುಗಿದ ಮೇಲೆ ಪಾಲನ್ನು ಹಿಂದಿರುಗಿಸಬೇಕು. ಅದರಲ್ಲಿ ಎಷ್ಟು ಉಳಿದಿದೆ ಎಂಬುದರಿಂದ ಮುಗಿಯಿತೋ ಇಲ್ಲವೋ ಎಂದು ಯಂತ್ರ ಊಹಿಸಬಾರದು. ತೆಗೆದುಕೊಂಡವರು ಬಾಯಿಬಿಟ್ಟು ಹೇಳಬೇಕು. ಮುಗಿಯಿತು ಎಂದವರು ಮತ್ತೆ ಬೇಕು ಎಂದರೆ, ಯಾಕೆ ಎಂದು ಕೇಳದೆ ಕೊಡಬೇಕು.'

ಅತ್ತೆ ಕಾಳು ಆರಿಸುವುದನ್ನು ನಿಲ್ಲಿಸಿದರು. ಕೊನೆಯ ವಾಕ್ಯವನ್ನು ಮತ್ತೊಮ್ಮೆ ಓದು ಎಂದರು. ಓದಿದೆ.

"ಇದನ್ನ ಬರಿ ಅಂತ ಯಾರರ ಹೇಳಿದ್ರೇನು ನಿನಗ?"

"ಯಾರೂ ಹೇಳಿಲ್ಲ. ನಾನ ಸೇರಿಸೀನಿ."

ಅತ್ತೆ ಡಬ್ಬಿಯ ಮುಚ್ಚಳ ಹಾಕಿ, ಅದನ್ನು ನನ್ನ ಕೈಗೆ ಕೊಟ್ಟು, ಪಕ್ಕದ ಮನೆಗೆ ಕೊಟ್ಟು ಬಾ ಎಂದು ಕಣ್ಣಲ್ಲೇ ಹೇಳಿದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಅವರ ದನಿ ಬಂತು.

"ನೀನೂ ಪಾತ್ರಿ ಖಾಲಿ ಕೊಡಲಿಲ್ಲ ಬಿಡು, ಹುಲಿಗಿ."